ಬರೆಯುವುದು ಆರು, ಕೇಳುವುದು ಮೂರು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿ ಆರಂಭವಾಗಿರುವ ಫ್ರೆಂಚ್ ಪಾಠಮಾಲೆಯ ಮೊದಲ ಕಂತನ್ನು ಆಸಕ್ತಿಯಿಂದ ಓದಿದೆ. ಇಂಗ್ಲಿಷಿನ ಹಂಗಿಲ್ಲದೆ ಕನ್ನಡದ ಮೂಲಕವೇ ಇನ್ನೊಂದು ಭಾಷೆಯನ್ನು ಕಲಿಸಲು ಒಂದು ದಿನಪತ್ರಿಕೆ ಮುಂದಾದದ್ದು ಮೆಚ್ಚಬೇಕಾದ ಸಂಗತಿ. ಆದರೆ ಆ ಕಂತಿನಲ್ಲಿ ‘ಮಾತನಾಡು’ ಎಂಬ ಅರ್ಥದ ಕ್ರಿಯಾಪದದ ವರ್ತಮಾನಕಾಲದ ರೂಪಗಳನ್ನು ‘ಪಾರ್ಲೆ, ಪಾರ್ಲೆಸ್, ಪಾರ್ಲೆ, ಪಾರ್ಲೋನ್ಸ್, ಪಾರ್ಲೆಜ್, ಪಾರ್ಲೆಂಟ್’ ಎಂದು ಅಚ್ಚು ಮಾಡಿರುವುದನ್ನು ಕಂಡು, ಈ ಭಾಷೆಯನ್ನು ಪದವಿಪೂರ್ವ ತರಗತಿಗಳಿಗೆ ಮೂವತ್ತು ವರ್ಷ ಕಲಿಸಿ ನಿವೃತ್ತಳಾದ ನನಗೆ ಸುಮ್ಮನಿರಲಾಗಲಿಲ್ಲ. ಈ ಆರು ರೂಪಗಳಲ್ಲಿ ಒಂದನ್ನೂ ಪ್ಯಾರಿಸ್ಸಿನಲ್ಲಿ ಯಾರೂ ಹಾಗೆ ಉಚ್ಚರಿಸುವುದಿಲ್ಲ. ಮೊದಲನೆಯದನ್ನು ಓದಿದ ಮಕ್ಕಳಿಗೆ ಬಿಸ್ಕತ್ತು ನೆನಪಾದರೆ ಅದು ಅವರ ತಪ್ಪಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಪತ್ರದಲ್ಲಿ ಫ್ರೆಂಚ್ ರೂಪಗಳನ್ನು ಕಿವಿಗೆ ಕೇಳುವಂತೆ ಕನ್ನಡದಲ್ಲಿ ಬರೆದು, ಉಚ್ಚಾರಾಂಶಗಳ (ಅಂದರೆ ಒಂದೊಂದು ಸ್ವರದ ಸುತ್ತ ಒಟ್ಟಾಗಿ ಕೇಳುವ ತುಂಡುಗಳ) ನಡುವೆ ಅಡ್ಡಗೆರೆ ಹಾಕಿದ್ದೇನೆ. ಪದದ ಕೊನೆಯ ಸೊನ್ನೆಯನ್ನು ತುಟಿ ಮುಚ್ಚದೆ, ಸ್ವರವನ್ನೇ ಮೂಗಿನಿಂದ ಹೊರಡಿಸಿ ಓದಬೇಕು. ಚುಕ್ಕಿಯಿಟ್ಟ ‘ಜ಼’ ಎಂದರೆ ‘ಜ಼ೂ’ ಎನ್ನುವಾಗಿನ ಸದ್ದು. ‘ತ್ಯು’ ಎಂದು ಬರೆದಲ್ಲಿ ನಾಲಿಗೆಯನ್ನು ‘ಈ’ ಎನ್ನುವಂತೆ ಇರಿಸಿಕೊಂಡು ತುಟಿಯನ್ನು ‘ಊ’ ಎನ್ನುವಂತೆ ದುಂಡಗೆ ಮಾಡಬೇಕು. ಈ ಸ್ವರ ನಮ್ಮಲ್ಲಿ ಇಲ್ಲ.

ಈಗ ಆ ಕ್ರಿಯಾಪದವನ್ನೇ ತೆಗೆದುಕೊಳ್ಳೋಣ. ನಾನು, ನೀನು, ಅವನು, ಅವರು ಎಂಬ ನಾಲ್ಕು ಕರ್ತೃಗಳಿಗೂ ಕೇಳುವುದು ‘ಪಾರ್ಲ್’ ಎಂಬ ಒಂದೇ ಉಚ್ಚಾರಾಂಶ: ‘ಜ ಪಾರ್ಲ್, ತ್ಯು ಪಾರ್ಲ್, ಈಲ್ ಪಾರ್ಲ್’, ಮತ್ತೆ ಬಹುವಚನದಲ್ಲಿಯೂ ‘ಈಲ್ ಪಾರ್ಲ್’. ನಾವು ಎಂಬುದಕ್ಕೆ ‘ನೂ ಪಾರ್-ಲೊಂ’, ನೀವು ಎಂಬುದಕ್ಕೆ ‘ವೂ ಪಾರ್-ಲೇ’. ಹೀಗೆ ಬರವಣಿಗೆಯಲ್ಲಿ ಐದು ಬಗೆಯ ಕಾಗುಣಿತದಲ್ಲಿ ಆರು ಸಾಲು ತುಂಬುವ ಪಟ್ಟಿ ಕಿವಿಯ ಮಟ್ಟಿಗೆ ಮೂರೇ ರೂಪಗಳದ್ದು. ಆಡುಮಾತಿನಲ್ಲಂತೂ ‘ನೂ’ ಎಂಬುದರ ಬದಲು ‘ಒಂ’ ಎಂಬ ಸರ್ವನಾಮವನ್ನೇ ಹೆಚ್ಚಾಗಿ ಬಳಸುವುದರಿಂದ ಅದೂ ‘ಒಂ ಪಾರ್ಲ್’ ಆಗಿ, ಉಳಿಯುವುದು ಎರಡೇ.

ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರುವುದಕ್ಕೆ ಕಾರಣವಿದೆ. ನಮ್ಮ ಆಖ್ಯಾತ ಪ್ರತ್ಯಯಗಳು ಇಂದಿಗೂ ಬಾಯಲ್ಲಿ ಜೀವಂತವಾಗಿವೆ. ‘ಬರುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಬಿಡಿಸಿ ಹೇಳಬೇಕಾಗಿಲ್ಲ. ‘ಬರುತ್ತಾಳೆ’ ಎಂದರೆ ಬರುವವಳು ಹೆಣ್ಣು, ಒಬ್ಬಳೇ, ಎದುರಿಗಿಲ್ಲದವಳು ಎಂಬುದೆಲ್ಲ ಆ ಕೊನೆಯ ಎರಡಕ್ಷರಗಳಲ್ಲಿ ತಿಳಿಯುತ್ತದೆ. ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿನಲ್ಲಿಯೂ ಹೀಗೆಯೇ ಇತ್ತು. ‘ಅವರು ಹಾಡುತ್ತಾರೆ’ ಎಂಬುದಕ್ಕೆ ಅಲ್ಲಿ ‘ಕಾಂತಾಂತ್’ ಎಂದು ಕೊನೆಯ ವ್ಯಂಜನಗಳನ್ನೂ ಸೇರಿಸಿ ಹೇಳುತ್ತಿದ್ದರು. ಶತಮಾನಗಳು ಕಳೆದಂತೆ ಕೊನೆಯ ವ್ಯಂಜನಗಳು ಬಾಯಿಂದ ಉದುರಿದವು, ಕಾಗದದ ಮೇಲೆ ಮಾತ್ರ ಉಳಿದವು. ಇಂದು ಅದು ‘ಶಾಂತ್’ ಎಂಬ ಒಂದು ಉಚ್ಚಾರಾಂಶ. ಬರೆಯುವಾಗ ಮಾತ್ರ ಕೊನೆಗೆ ಇ, ಎನ್, ಟಿ ಎಂಬ ಮೂರು ಅಕ್ಷರಗಳು ಬೇಕೇ ಬೇಕು. ಪ್ರತ್ಯಯ ಕೇಳದಂತಾದಾಗ ಸರ್ವನಾಮವನ್ನು ಬಿಡುವಂತಿಲ್ಲ, ಹಾಗಾಗಿ ಫ್ರೆಂಚಿನಲ್ಲಿ ‘ಜ, ತ್ಯು, ಈಲ್’ಗಳು ಕಡ್ಡಾಯವಾದವು. ಕ್ರಿಯಾಪದದ ಬಾಲ ಮಾಡುತ್ತಿದ್ದ ಕೆಲಸವನ್ನು ಈಗ ಅದರ ಮುಂದೆ ನಿಂತ ಸರ್ವನಾಮ ಮಾಡುತ್ತಿದೆ.

ಹಾಗಾದರೆ ಆ ಮೂರು ಮೌನಾಕ್ಷರಗಳಿಂದ ಏನೂ ಪ್ರಯೋಜನವಿಲ್ಲವೇ ಎಂದು ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ. ಪ್ರಯೋಜನವಿದೆ: ತಮ್ಮ ಹಿಂದಿನ ವ್ಯಂಜನವನ್ನು ಉಚ್ಚರಿಸಬೇಕೆಂದು ಅವು ಹೇಳುತ್ತವೆ. ‘ಅವನು ಹೊರಡುತ್ತಾನೆ’ ಎಂಬುದು ‘ಈಲ್ ಪಾರ್’. ಬರೆದ ಟಿ ಅಕ್ಷರ ಕೇಳಿಸದು. ‘ಅವರು ಹೊರಡುತ್ತಾರೆ’ ಎಂಬುದು ‘ಈಲ್ ಪಾರ್ತ್’. ಇಲ್ಲಿ ಅದೇ ಟಿ ಎದ್ದು ನಿಂತಿತು. ‘ಮಾರುತ್ತಾನೆ’ ಎಂಬುದು ‘ವಾಂ’, ‘ಮಾರುತ್ತಾರೆ’ ಎಂಬುದು ‘ವಾಂದ್’. ‘ಮುಗಿಸುತ್ತಾನೆ’ ಎಂಬುದು ‘ಫಿ-ನಿ’, ‘ಮುಗಿಸುತ್ತಾರೆ’ ಎಂಬುದು ‘ಫಿ-ನಿಸ್’. ‘ಬರು’ ಎಂಬರ್ಥದ ಧಾತುವಿನಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ: ಏಕವಚನದ ‘ವ್ಯಾಂ’ ಮೂಗಿನ ಸ್ವರ, ಬಹುವಚನದ ‘ವ್ಯೆನ್’ನಲ್ಲಿ ನಕಾರ ತಾನೇ ಸ್ಪಷ್ಟವಾಗಿ ಕೇಳುವುದರಿಂದ ಸ್ವರ ಮೂಗನ್ನು ಬಿಟ್ಟು ಬಾಯಿಗೆ ಬರುತ್ತದೆ. ಈ ಕ್ರಿಯಾಪದಗಳಲ್ಲಿ ಬಹುವಚನದ ಗುರುತು ಇ-ಎನ್-ಟಿ ಅಲ್ಲ, ಅದರ ಆಸರೆಯಿಂದ ಕೇಳತೊಡಗುವ ಆ ಒಂದು ವ್ಯಂಜನ. ಆ ವ್ಯಂಜನ ನಮ್ಮ ‘ತ’ ಮತ್ತು ‘ದ’ ಎಂಬುದನ್ನೂ ಹೇಳಬೇಕು. ಫ್ರೆಂಚರು ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿಯೇ ಇವನ್ನು ನುಡಿಯುತ್ತಾರೆ. ‘ಪಾರ್ಲೆಂಟ್’ ಎಂಬುದರ ‘ಟ’ ಇಂಗ್ಲಿಷಿನ ದಾರಿಯಿಂದ ಬಂದ ಅತಿಥಿ.

ಇದೇ ಮೂರು ಅಕ್ಷರಗಳು ನಾಮಪದದ ಕೊನೆಯಲ್ಲಿ ಬಂದರೆ ಮಾತ್ರ ಲೆಕ್ಕ ಬೇರೆ. ಫ್ರೆಂಚ್ ಶಾಲೆಗಳಲ್ಲಿ ಇದನ್ನು ಕಲಿಸಲು ಹಳೆಯದೊಂದು ವಾಕ್ಯವಿದೆ: ಮಠದ ಕೋಳಿಗಳು ಕಾವಿಗೆ ಕೂತಿವೆ. ಸನ್ಯಾಸಿನಿಯರ ಮಠಕ್ಕೂ (ನಮ್ಮೂರುಗಳ ಇಂಗ್ಲಿಷ್ ಶಾಲೆಗಳಿಗೆ ಅಂಟಿಕೊಂಡಿರುವ ‘ಕಾನ್ವೆಂಟ್’ ಎಂಬ ಹೆಸರಿನ ಸೋದರ ಶಬ್ದವೇ ಅದು) ಕಾವಿಗೆ ಕೂರುವ ಕ್ರಿಯೆಯ ಬಹುವಚನಕ್ಕೂ ಬರವಣಿಗೆಯಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೆ ಮಠವನ್ನು ‘ಕೂ-ವಾಂ’ ಎಂದೂ, ಕಾವಿಗೆ ಕೂರುವುದನ್ನು ‘ಕೂವ್’ ಎಂದೂ ಓದಬೇಕು. ಹಾಗೆಯೇ ಅಧ್ಯಕ್ಷ ‘ಪ್ರೇ-ಜ಼ಿ-ದಾಂ’, ಅಧ್ಯಕ್ಷತೆ ವಹಿಸುತ್ತಾರೆ ಎಂಬುದು ‘ಪ್ರೇ-ಜ಼ಿದ್’. ಕಣ್ಣು ಒಂದೇ ಪದವನ್ನು ಕಾಣುವಲ್ಲಿ ಬಾಯಿ ಮೊದಲು ವ್ಯಾಕರಣವನ್ನು ವಿಚಾರಿಸಿಕೊಂಡು ಆಮೇಲೆ ತೆರೆಯಬೇಕಾಗುತ್ತದೆ.

ಉಚ್ಚಾರಾಂಶಗಳನ್ನು ಬಿಡಿಸುವ ವಿಷಯದಲ್ಲಿ ನಿಮ್ಮ ಲೇಖಕರು ಕೊಟ್ಟಿರುವ ಸೂಚನೆಯೂ ಕಣ್ಣಿಗೆ ಸಂಬಂಧಿಸಿದ್ದು, ಕಿವಿಗಲ್ಲ. ಸಾಲಿನ ಕೊನೆಯಲ್ಲಿ ಪದವನ್ನು ಮುರಿಯುವಾಗ ಅಚ್ಚಿನವರು ಜೋಡಿ ವ್ಯಂಜನಗಳ ನಡುವೆ ಕತ್ತರಿಸುತ್ತಾರೆಂಬುದು ನಿಜ. ‘ಕೊಡು’ ಎಂಬ ಅರ್ಥದ ಪದವನ್ನು ಅವರು ಎರಡು ಎನ್‌ಗಳ ನಡುವೆಯೇ ಒಡೆಯುತ್ತಾರೆ. ಹಾಗೆಂದು ಅದನ್ನು ‘ದೊನ್-ನೇ’ ಎಂದು ಒತ್ತಿ ಹೇಳುವುದು ಸರಿಯಲ್ಲ; ಅದು ‘ದೊ-ನೇ’, ‘ಹೋಗು’ ಎಂಬುದು ‘ಆ-ಲೇ’. ‘ಕತೆ’ಗೂ ‘ಕತ್ತೆ’ಗೂ ಅಂತರ ಬಲ್ಲ ನಮಗೆ ಎರಡು ಅಕ್ಷರ ಕಂಡರೆ ಎರಡು ಸದ್ದು ಹೊರಡಿಸುವುದು ಹುಟ್ಟುಗುಣ. ಫ್ರೆಂಚಿನಲ್ಲಿ ಅದನ್ನು ಸಾಮಾನ್ಯವಾಗಿ ಹಿಡಿದಿಡಬೇಕು. ಆದರೆ ‘ಓಡು’ ಧಾತುವಿನಲ್ಲಿ ಅದೇ ಗುಣ ಕೈಹಿಡಿಯುತ್ತದೆ. ‘ಅವನು ಓಡುತ್ತಿದ್ದ’ ಎಂಬುದು ‘ಕೂ-ರೆ’, ‘ಅವನು ಓಡುತ್ತಿದ್ದನೇನೋ’ ಎಂಬ ಸಂಭಾವನೆಯ ರೂಪ ‘ಕೂರ್-ರೆ’. ಇಲ್ಲಿ ರೇಫ ನಿಜವಾಗಿಯೂ ದ್ವಿತ್ವವಾಗಿ ಕೇಳಬೇಕು. ‘ಸಾಯು’ ಎಂಬರ್ಥದ ಧಾತುವಿನಲ್ಲಿಯೂ ಹೀಗೆಯೇ. ಇಂಗ್ಲಿಷಿನವರು ತಡವರಿಸುವ ಈ ಜಾಗದಲ್ಲಿ ಕನ್ನಡದ ಮಕ್ಕಳು ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ.

ಬರೆಯುವ ಅಕ್ಷರ ಬೇರೆ, ಕೇಳುವ ಉಚ್ಚಾರಾಂಶ ಬೇರೆ ಎಂಬುದು ಛಂದಸ್ಸನ್ನು ಕಲಿತ ಪ್ರೌಢಶಾಲೆಯ ವಿದ್ಯಾರ್ಥಿಗೆ ಹೊಸತೇನಲ್ಲ. ‘ಕರ್ಮ’ ಎಂದು ಬರೆಯುವಾಗ ‘ಕ’ ಒಂದು, ‘ರ್ಮ’ ಇನ್ನೊಂದು. ಪ್ರಸ್ತಾರ ಹಾಕುವಾಗ ಮಾತ್ರ ‘ಕರ್-ಮ’ ಎಂದು ಕೇಳುವುದರಿಂದಲೇ ಮೊದಲನೆಯದು ಗುರುವಾಗುತ್ತದೆ. ಫ್ರೆಂಚಿನ ‘ಪಾರ್-ಲೇ’ ಇದೇ ಜಾತಿಯದು. ಆದರೆ ವ್ಯಂಜನದ ನಂತರ ರಕಾರವೋ ಲಕಾರವೋ ಬಂದರೆ ಆ ಜೋಡಿ ಒಡೆಯದೆ ಮುಂದಿನ ಸ್ವರದೊಂದಿಗೇ ಹೋಗುತ್ತದೆ: ‘ತೋರಿಸು’ ಎಂಬುದು ‘ಮೊಂ-ತ್ರೇ’, ‘ನಡುಗು’ ಎಂಬುದು ‘ತ್ರಾಂ-ಬ್ಲೇ’. ಹಳಗನ್ನಡದ ಶಿಥಿಲದ್ವಿತ್ವದಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು ಇಲ್ಲಿ ನೆನಪಾಗುತ್ತದೆ. ಅಲ್ಲಿ ರ, ಲ, ಳಗಳು ಜೋಡಿಯ ಮೊದಲಿಗೆ ಬರುತ್ತವೆ, ಇಲ್ಲಿ ಕೊನೆಗೆ, ಅಷ್ಟೇ ವ್ಯತ್ಯಾಸ. ‘ಗೆಲ್ಲು’ ಎಂಬ ಪದದಲ್ಲಿ ಜಿ ಮತ್ತು ಎನ್ ಅಕ್ಷರಗಳು ಸೇರಿ ಒಂದೇ ವ್ಯಂಜನ: ‘ಗಾ-ಞೇ’. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಞ’ಕ್ಕೆ ಇದಕ್ಕಿಂತ ಒಳ್ಳೆಯ ಉದ್ಯೋಗ ಸಿಗಲಾರದು. ನಿಮ್ಮ ಪಾಠದಲ್ಲಿ ಅದನ್ನು ‘ಗ್ಯಾಗ್ನರ್’ ಎಂದು ಕೊಡಲಾಗಿದೆ.

ಇನ್ನು ಮೂಕ ‘ಇ’ಕಾರದ ವಿಷಯ. ಇಂಗ್ಲಿಷ್ ಹೆಸರಿನಲ್ಲಿ ‘ಇ’ ಎನ್ನುವ ಈ ಅಕ್ಷರ ಫ್ರೆಂಚಿನಲ್ಲಿ ಮೇಲೆ ಗುರುತಿಲ್ಲದೆ ಬಂದಾಗ ಹೆಚ್ಚುಕಡಿಮೆ ನಮ್ಮ ಕಾಗುಣಿತದ ಅಕಾರದಂತೆ ಸಣ್ಣಗೆ ಕೇಳುತ್ತದೆ, ಇಲ್ಲವೇ ಪೂರ್ತಿ ಬಿದ್ದುಹೋಗುತ್ತದೆ. ಯಾವಾಗ ಬೀಳುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದಕ್ಕೆ ಮೋರಿಸ್ ಗ್ರಾಮೊಂ ಎಂಬ ಭಾಷಾವಿಜ್ಞಾನಿ ‘ಮೂರು ವ್ಯಂಜನಗಳ ನಿಯಮ’ವೆಂದು ಹೆಸರಾದ ಸೂತ್ರವನ್ನು ಕೊಟ್ಟಿದ್ದಾರೆ: ಅದು ಬಿದ್ದರೆ ಮೂರು ವ್ಯಂಜನಗಳು ಒಟ್ಟಾಗಿ ನಾಲಿಗೆ ತೊಡರುವಂತಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ‘ಕೊಡುತ್ತೇನೆ’ ಎಂಬ ಭವಿಷ್ಯತ್ಕಾಲದ ರೂಪ ಬರವಣಿಗೆಯಲ್ಲಿ ಮೂರು ತುಂಡು, ಮಾತಿನಲ್ಲಿ ‘ದೊನ್-ರೇ’ ಎಂದು ಎರಡೇ. ‘ಮಾತನಾಡುತ್ತೇನೆ’ ಎಂಬ ಭವಿಷ್ಯದ್ರೂಪದಲ್ಲಿ ಈ ಸ್ವರ ಬಿದ್ದರೆ ರಕಾರ, ಲಕಾರ, ರಕಾರಗಳು ಸಾಲಾಗಿ ನಿಲ್ಲಬೇಕಾಗುವುದರಿಂದ ‘ಪಾರ್-ಲ-ರೇ’ ಎಂದು ಮೂರನ್ನೂ ಕೇಳಿಸುತ್ತಾರೆ. ‘ಕೊಡುತ್ತಿದ್ದೆವು’ ಎಂಬರ್ಥದ ಸಂಭಾವನೆಯಲ್ಲಿ ಪ್ರತ್ಯಯ ‘ರ್ಯೊಂ’ ಎಂದು ಭಾರವಾಗಿರುವ ಕಾರಣ ಬಿದ್ದ ಸ್ವರವೇ ಮರಳಿ ಬರುತ್ತದೆ: ‘ದೊ-ನ-ರ್ಯೊಂ’. ಇದನ್ನು ವಿವರಿಸಲು ನಾನು ತರಗತಿಯಲ್ಲಿ ಫ್ರೆಂಚ್ ಪುಸ್ತಕವನ್ನು ಮುಚ್ಚಿಸಿ, ‘ಬರುತ್ತಾರೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಓದಲು ಹೇಳುತ್ತಿದ್ದೆ. ‘ಬ-ರು-ತ್ತಾ-ರೆ’ ಎಂದು ಓದುವವರೇ ಮನೆಯಲ್ಲಿ ‘ಬರ್-ತಾ-ರೆ’ ಎನ್ನುತ್ತಾರೆ. ನಡುವಿನ ಉಕಾರ ಬಿದ್ದಿದೆ, ರಕಾರ ಹಿಂದಿನ ಸ್ವರಕ್ಕೆ ಆತುಕೊಂಡಿದೆ, ನಾಲ್ಕು ಉಚ್ಚಾರಾಂಶ ಮೂರಾಗಿದೆ. ಇಷ್ಟನ್ನು ತಮ್ಮ ಬಾಯಲ್ಲೇ ಕಂಡುಕೊಂಡ ಮೇಲೆ ‘ದೊನ್-ರೇ’ ಅವರಿಗೆ ಕಷ್ಟವಾಗಲಿಲ್ಲ. ದಕ್ಷಿಣ ಫ್ರಾನ್ಸಿನವರು ಈ ಸ್ವರವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವರ ಬಾಯಲ್ಲಿ ‘ಪಾರ್ಲ್’ ಕೂಡ ‘ಪಾರ್-ಲ’ ಆಗಿ ಕೇಳುವುದುಂಟು.

ಇದೇ ಸ್ವರಲೋಪ ಕೆಲವು ಧಾತುಗಳ ಕಾಗುಣಿತವನ್ನೇ ಬದಲಿಸುತ್ತದೆ, ಮತ್ತು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ‘ಕೊಂಡುಕೊಳ್ಳು’ ಎಂಬುದು ‘ಆಶ್-ತೇ’, ಆದರೆ ‘ನಾನು ಕೊಳ್ಳುತ್ತೇನೆ’ ಎಂಬುದು ‘ಜಾ-ಶೆತ್’. ಮೊದಲ ದಿನವೇ ಎಲ್ಲರೂ ಕಲಿಯುವ ‘ನನ್ನ ಹೆಸರು’ ಎಂಬ ‘ಜ ಮಾ-ಪೆಲ್’ ಕೂಡ ಈ ಗುಂಪಿನದೇ. ‘ನಾವು ಕರೆಯುತ್ತೇವೆ’ ಎನ್ನುವಾಗ ಅದು ‘ಆ-ಪ್ಲೊಂ’ ಆಗುತ್ತದೆ. ಕೊನೆಯ ಸ್ವರ ಉದುರಿದಾಗ ಅದರ ವ್ಯಂಜನ ಹಿಂದಿನ ಉಚ್ಚಾರಾಂಶವನ್ನು ಮುಚ್ಚುತ್ತದೆ. ಮುಚ್ಚಿದ ಆ ಉಚ್ಚಾರಾಂಶದ ಮೇಲೆ ಫ್ರೆಂಚ್ ಮಾತಿನ ಒತ್ತು ಬೀಳುವುದರಿಂದ ಅಲ್ಲಿ ಮೂಕ ಸ್ವರ ನಿಲ್ಲಲಾರದೆ ಸ್ಪಷ್ಟವಾದ ‘ಎ’ ಆಗಿಬಿಡುತ್ತದೆ. ಇದನ್ನು ತೋರಿಸಲು ಬರವಣಿಗೆ ಕೆಲವೆಡೆ ಅಕ್ಷರದ ಮೇಲೆ ಎಡಕ್ಕೆ ಬಾಗಿದ ಗುರುತನ್ನು ಇಡುತ್ತದೆ, ಕೆಲವೆಡೆ ಮುಂದಿನ ವ್ಯಂಜನವನ್ನು ಇಮ್ಮಡಿಸುತ್ತದೆ. ಎರಡು ಪದ್ಧತಿಗಳ ಈ ಗೊಂದಲವನ್ನು ತಿದ್ದಲೆಂದು 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ರಾಜಪತ್ರದಲ್ಲಿ ಕಾಗುಣಿತದ ಪರಿಷ್ಕರಣೆಗಳು ಪ್ರಕಟವಾದವು. ಅವುಗಳ ಪ್ರಕಾರ ‘ಕರೆ’, ‘ಎಸೆ’ ಎಂಬರ್ಥದ ಎರಡು ಧಾತುಗಳನ್ನೂ ಅವುಗಳ ಬಳಗವನ್ನೂ ಬಿಟ್ಟು ಉಳಿದವಕ್ಕೆ ಗುರುತೇ ಸಾಕು. ‘ಬಿಟ್ಟುಕೊಡು’ ಎಂಬರ್ಥದ ‘ಸೇ-ದೇ’ಯ ಭವಿಷ್ಯದ್ರೂಪವನ್ನು ಎಲ್ಲರೂ ‘ಸೆದ್-ರೇ’ ಎಂದು ಮುಚ್ಚಿದ ಉಚ್ಚಾರಾಂಶದ ‘ಎ’ಕಾರದಿಂದ ಹೇಳುತ್ತಿದ್ದರೂ, ಬರೆಯುವಾಗ ತೆರೆದ ಉಚ್ಚಾರಾಂಶಕ್ಕೆ ಸಲ್ಲುವ ಬಲಬಾಗಿನ ಗುರುತನ್ನೇ ಇಡಬೇಕಾಗಿತ್ತು, 1990ರ ನಂತರ ಕಿವಿಗೆ ಒಪ್ಪುವ ಎಡಬಾಗಿನ ಗುರುತನ್ನೂ ಇಡಬಹುದು. ಹಳೆಯದೂ ತಪ್ಪಲ್ಲ. ಪಾಠಮಾಲೆಯಲ್ಲಿ ಎರಡನ್ನೂ ಕೊಟ್ಟರೆ ಬೇರೆ ಬೇರೆ ಪುಸ್ತಕಗಳನ್ನು ಹಿಡಿದ ಓದುಗರು ಗಾಬರಿಯಾಗುವುದು ತಪ್ಪುತ್ತದೆ.

ನಿಮ್ಮ ಲೇಖಕರು ‘ಫ್ರೆಂಚಿನಲ್ಲಿ ಪದಗಳನ್ನು ಕೂಡಿಸಿ ಓದುವ ವಿಚಿತ್ರ ಅಭ್ಯಾಸವಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಸಂಧಿಯನ್ನು ವಿಚಿತ್ರವೆಂದು ಕನ್ನಡಿಗರಿಗೆ ಹೇಳುವುದೇ? ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಂತೆ ‘ಜ’ ಮತ್ತು ‘ಎಮ್’ ಸೇರಿ ‘ಜೆಮ್’, ಅಂದರೆ ‘ನಾನು ಪ್ರೀತಿಸುತ್ತೇನೆ’, ಇದು ಲೋಪ. ‘ಮನೆ’ ಮತ್ತು ‘ಇಂದ’ ಸೇರುವಾಗ ನಡುವೆ ಯಕಾರ ಬರುವಂತೆ, ‘ಅವನಿಗಿದೆಯೇ’ ಎಂದು ಕೇಳುವಾಗ ‘ಆ’ ಮತ್ತು ‘ಈಲ್’ ನಡುವೆ ತಕಾರ ಬಂದು ‘ಆ-ತೀಲ್’ ಆಗುತ್ತದೆ, ಇದು ಆಗಮ. ಲ್ಯಾಟಿನ್ನಿನಲ್ಲಿದ್ದು ಫ್ರೆಂಚಿನ ಈ ರೂಪಗಳಿಂದ ಬಿದ್ದುಹೋಗಿದ್ದ ತಕಾರ, ಅದು ಬಿಡದೆ ಉಳಿದಿದ್ದ ಬೇರೆ ಕ್ರಿಯಾಪದಗಳ ಮಾದರಿಯಲ್ಲಿ ಹೀಗೆ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿತು. ‘ಬೆಟ್ಟ’ದ ಮುಂದೆ ‘ತಾವರೆ’ ಬಂದು ‘ಬೆಟ್ಟದಾವರೆ’ ಆಗುವಾಗ ತಕಾರಕ್ಕೆ ದಕಾರ ಆದೇಶವಾಗುತ್ತದೆ; ಫ್ರೆಂಚಿನಲ್ಲಿ ‘ಮಾರುತ್ತಾನೆಯೇ’ ಎನ್ನುವಾಗ ಬರೆದದ್ದು ಡಿ ಅಕ್ಷರವಾದರೂ ನುಡಿಯುವುದು ‘ವಾಂ-ತೀಲ್’ ಎಂದು, ಅಂದರೆ ದಕಾರಕ್ಕೆ ತಕಾರ. ನಮ್ಮದಕ್ಕೆ ತಲೆಕೆಳಗು, ಆದರೆ ಹೆಸರು ಅದೇ. ಮೂರು ಕನ್ನಡ ಸಂಧಿಗಳಿಗೂ ಇಷ್ಟು ಹತ್ತಿರದ ಉದಾಹರಣೆಗಳು ಸಿಗುವಾಗ ಇಂಗ್ಲಿಷ್ ಪುಸ್ತಕದ ವಿವರಣೆಯನ್ನು ಅನುವಾದಿಸಿ ಕೊಡುವ ಅಗತ್ಯವೇನಿತ್ತು?

ಈ ಸಂಧಿ ಅಲಂಕಾರಕ್ಕಲ್ಲ, ಅರ್ಥವೇ ಅದರ ಮೇಲೆ ನಿಂತಿರುತ್ತದೆ. ‘ಅವನು ಪ್ರೀತಿಸುತ್ತಾನೆ’ ಎಂಬುದು ‘ಈ-ಲೆಮ್’, ‘ಅವರು ಪ್ರೀತಿಸುತ್ತಾರೆ’ ಎಂಬುದು ‘ಈಲ್-ಜ಼ೆಮ್’. ಬಹುವಚನವೆಲ್ಲ ಆ ಒಂದು ಜ಼ಕಾರದಲ್ಲಿದೆ. ‘ಈಲ್-ಜ಼ೊಂ’ ಎಂದರೆ ಅವರಿಗೆ ಇದೆ, ‘ಈಲ್-ಸೊಂ’ ಎಂದರೆ ಅವರು ಇದ್ದಾರೆ. ಧ್ವನಿಮುದ್ರಿಕೆಯನ್ನು ಕೇಳಿ ಉತ್ತರಿಸುವ ಪರೀಕ್ಷೆಯೊಂದರಲ್ಲಿ ‘ಅವರಿಗೆ ಇಬ್ಬರು ಮಕ್ಕಳಿದ್ದಾರೆ’ ಎಂಬ ವಾಕ್ಯವನ್ನು ಕೇಳಿದ ನನ್ನ ವಿದ್ಯಾರ್ಥಿನಿಯೊಬ್ಬಳು ‘ಅವರು ಇಬ್ಬರು ಮಕ್ಕಳು’ ಎಂದು ಬರೆದಿದ್ದಳು. ವ್ಯಾಕರಣದ ಪತ್ರಿಕೆಯಲ್ಲಿ ಅವಳಿಗೆ ತಪ್ಪೇ ಇರಲಿಲ್ಲ. ಬೆಂಗಳೂರಿನಲ್ಲಿ ಡೆಲ್ಫ್ ಎಂಬ ಫ್ರೆಂಚ್ ಪ್ರಾವೀಣ್ಯದ ಪರೀಕ್ಷೆಗೆ ಕೂರುವವರಿಗೂ, ಕೆನಡಾಕ್ಕೆ ವಲಸೆ ಹೋಗಲು ಫ್ರೆಂಚ್ ಪರೀಕ್ಷೆ ಬರೆಯುವವರಿಗೂ ಕೇಳಿ ಗ್ರಹಿಸುವ ಭಾಗ ಪ್ರತ್ಯೇಕವಾಗಿಯೇ ಇರುತ್ತದೆ. ಕಣ್ಣಿನಿಂದ ಮಾತ್ರ ಕಲಿತವರು ಎಡವುವುದು ಅಲ್ಲಿಯೇ. ಕೆನಡಾದ ಕ್ವಿಬೆಕ್‌ಗೆ ಹೋಗುವವರು ಅಲ್ಲಿ ‘ತ್ಯು’ ಎಂಬುದು ‘ತ್ಸ್ಯು’ ಎಂದು ಕೇಳುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು.

ತಮಾಷೆಯೆಂದರೆ, ಫ್ರಾನ್ಸಿನ ಮಕ್ಕಳ ಕಷ್ಟ ನಮ್ಮದಕ್ಕೆ ಸರಿಯಾಗಿ ವಿರುದ್ಧ. ಧಾತುವಿನ ಮೂಲರೂಪ, ಭೂತಕೃದಂತ, ‘ನೀವು’ ಎಂಬುದರ ವರ್ತಮಾನರೂಪ ಮೂರೂ ‘ಪಾರ್-ಲೇ’ ಎಂದೇ ಕೇಳುವುದರಿಂದ ಎಲ್ಲಿ ಯಾವುದನ್ನು ಬರೆಯಬೇಕೆಂದು ಅವರಿಗೆ ತಿಳಿಯದು. ಅವರ ಮೇಷ್ಟ್ರುಗಳು ಆ ಜಾಗದಲ್ಲಿ ‘ಮಾರು’ ಧಾತುವನ್ನು ಇಟ್ಟು ನೋಡಲು ಹೇಳುತ್ತಾರೆ: ‘ವಾಂದ್ರ್’ ಒಪ್ಪಿದರೆ ಮೂಲರೂಪ, ‘ವಾಂ-ದ್ಯು’ ಒಪ್ಪಿದರೆ ಕೃದಂತ. ಅವರಿಗೆ ಕಿವಿ ತುಂಬಿದೆ, ಕೈ ತಡವರಿಸುತ್ತದೆ. ನಮಗೆ ಕೈ ಸಿದ್ಧವಾಗಿದೆ, ಕಿವಿ ಖಾಲಿ.

ಮುಂದಿನ ಕಂತಿನಲ್ಲಿ ‘ಇರು’ ಧಾತು ಬರಲಿದೆಯೆಂದು ಪ್ರಕಟಣೆ ನೀಡಿದ್ದೀರಿ. ದಯವಿಟ್ಟು ಕಾಗುಣಿತದ ಪಕ್ಕದಲ್ಲಿ ಉಚ್ಚಾರಣೆಯ ಒಂದು ಸಾಲನ್ನು ಬೇರೆಯಾಗಿ, ಅಡ್ಡಗೆರೆಗಳೊಂದಿಗೆ ಕೊಡಿ: ‘ಜ ಸ್ವಿ, ತ್ಯು ಎ, ಈ-ಲೆ, ನೂ ಸೊಮ್, ವೂ-ಜ಼ೆತ್, ಈಲ್ ಸೊಂ’. ಅಚ್ಚು ಜೋಡಿಸುವವರಿಗೂ ಒಂದು ಕೋರಿಕೆಯಿದೆ. ‘ನಾವು’ ಎಂಬುದರ ‘ಸೊಮ್’ನಲ್ಲಿ ತುಟಿ ಮುಚ್ಚಬೇಕು, ‘ಅವರು’ ಎಂಬುದರ ‘ಸೊಂ’ನಲ್ಲಿ ಮುಚ್ಚಬಾರದು. ಮಕಾರಕ್ಕೂ ಸೊನ್ನೆಗೂ ಭೇದವೇನೆಂದು ಎರಡನ್ನೂ ಸೊನ್ನೆಯಲ್ಲಿಯೇ ಮುಗಿಸಿಬಿಟ್ಟರೆ, ಫ್ರೆಂಚರೇ ಬೇರೆಯಾಗಿ ಉಳಿಸಿಕೊಂಡಿರುವ ಎರಡು ರೂಪಗಳನ್ನು ನಾವು ಒಂದು ಮಾಡಿದಂತಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫ್ರೆಂಚ್ ಅಧ್ಯಾಪಕಿ,
ಮೈಸೂರು